ಪ್ಲಾಸ್ಟರ್ ಜಾರಿ ಕೂಸಿನ ಪಾದ ಊದಿಕೊಂಡಿದೆ, ಚಿಕಿತ್ಸೆ ಮುಂದುವರಿಸಬೇಕೇ?

ರೋಣದ ತಾಯಿ:

ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ ಈಗ ಏಳು ವಾರ. ಹುಟ್ಟಿದಾಗಲೇ ಎಡಪಾದ ಒಳಕ್ಕೆ ತಿರುಗಿ, ಹಿಮ್ಮಡ ಮೇಲಕ್ಕೆ ಸೆಳೆದುಕೊಂಡಿತ್ತು. ಕ್ಲಬ್ ಫುಟ್ ಎಂದು ಗುರುತಿಸಿ ವಾರಕ್ಕೊಂದರಂತೆ ಪ್ಲಾಸ್ಟರ್ ಹಾಕತೊಡಗಿದರು. ಮೊದಲೆರಡರಲ್ಲಿ ಪಾದ ಚೆನ್ನಾಗಿಯೇ ತಿರುಗಿತ್ತು. ಮೂರನೆಯದು ಹಾಕಿದ ನಾಲ್ಕನೇ ದಿನ ಬೆರಳುಗಳು ಒಂದೊಂದಾಗಿ ಒಳಗೆ ಸರಿದು ಹೆಬ್ಬೆರಳಿನ ತುದಿ ಮಾತ್ರ ಕಾಣತೊಡಗಿತು. ಹೇಗೂ ಮೂರು ದಿನಕ್ಕೆ ಹೋಗುವುದಿದೆಯಲ್ಲ ಎಂದು ಸುಮ್ಮನಿದ್ದೆವು. ಬಿಚ್ಚಿದಾಗ ಪಾದ ಊದಿ ಗಿಡ್ಡವಾಗಿತ್ತು, ಅಂಗಾಲಿಗೆ ಅಡ್ಡಲಾಗಿ ಆಳವಾದ ಗೆರೆ ಬಿದ್ದಿತ್ತು, ಹೆಬ್ಬೆರಳು ಮೇಲಕ್ಕೆ ಸೆಟೆದಿತ್ತು. "ಕಾಂಪ್ಲೆಕ್ಸ್ ಆಗಿದೆ, ಒಂದು ವಾರ ಬಿಟ್ಟು ಬನ್ನಿ" ಎಂದಷ್ಟೇ ಹೇಳಿ ಕಳುಹಿಸಿದರು. ಗ್ರಹಣದ ದಿನ ನಾನು ಈಳಿಗೆ ಹಿಡಿದದ್ದೇ ಇದಕ್ಕೆಲ್ಲ ಕಾರಣವೆಂದು ಅತ್ತೆಯವರು ಹೇಳುತ್ತಾರೆ. ಆ ಮಾತನ್ನು ಬದಿಗಿಟ್ಟಿದ್ದೇನೆ. ಆದರೆ ಪ್ಲಾಸ್ಟರಿನಿಂದಲೇ ಕಾಲು ಕೆಟ್ಟಿತೇ? ಇದನ್ನು ನಿಲ್ಲಿಸಿ ದೊಡ್ಡ ಆಪರೇಷನ್ ಮಾಡಿಸುವುದು ಮೇಲೇ?

ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್:

ತಂಗೀ, ಮಗುವನ್ನು ನೋಡದೆ ಖಚಿತವಾಗಿ ಹೇಳಲಾಗದು, ಆದರೆ ನೀವು ಬರೆದ ಲಕ್ಷಣಗಳು ಜಾರಿದ ಪ್ಲಾಸ್ಟರಿನೊಳಗೆ ಸಿಕ್ಕ ಪಾದದವು, ಆಸ್ಪತ್ರೆಯವರು "ಕಾಂಪ್ಲೆಕ್ಸ್" ಎಂದದ್ದು ಹೀಗೆ ಊದಿ ಗಿಡ್ಡವಾದ ಪಾದವನ್ನೇ. ಪ್ಲಾಸ್ಟರ್ ಕೆಳಗೆ ಸರಿದಾಗ ಹಿಮ್ಮಡ ತನ್ನ ಜಾಗ ಬಿಟ್ಟು ಮೇಲೇರುತ್ತದೆ, ಪಾದದ ಮುಂಭಾಗ ಒಳಗೇ ಮಡಚಿಕೊಳ್ಳುತ್ತದೆ, ಅದರ ಮೇಲೆ ಬಾವು ಬರುತ್ತದೆ. ಮೊಣಕಾಲನ್ನು ಸರಿಯಾಗಿ ಮಡಚದೆ ಹಾಕಿದ ಅಥವಾ ತೊಡೆಯವರೆಗೆ ಏರಿಸದ ಪ್ಲಾಸ್ಟರ್ ಬೇಗ ಜಾರುತ್ತದೆ. ಹುಟ್ಟಿನಿಂದಲೇ ಗಿಡ್ಡ, ದಪ್ಪ ಪಾದವಿರುವ ಮಕ್ಕಳಲ್ಲಿ ಎಷ್ಟು ಜಾಗ್ರತೆ ವಹಿಸಿದರೂ ಒಮ್ಮೊಮ್ಮೆ ಜಾರುವುದುಂಟು.

ಒಂದು ವಾರ ಬಿಡಲು ಹೇಳಿದ್ದು ಸರಿಯಾಗಿಯೇ ಇದೆ, ಏಕೆಂದರೆ ಬಾವು ಇಳಿಯದ ಪಾದದ ಮೇಲೆ ಮತ್ತೆ ಪ್ಲಾಸ್ಟರ್ ಸುತ್ತಿದರೆ ಅದೂ ಜಾರುತ್ತದೆ, ಚರ್ಮವೂ ಕೆಡುತ್ತದೆ. ವಾರಕ್ಕೊಂದು ಪ್ಲಾಸ್ಟರ್ ಹಾಕುವ ಈ ವಿಧಾನವನ್ನು ರೂಪಿಸಿದ ವೈದ್ಯ ಪೊನ್ಸೆಟಿಯವರೇ ಇಂಥ ಪಾದಗಳಿಗೆ ಬೇರೆ ಕ್ರಮ ಬೇಕೆಂದು ಕಂಡುಕೊಂಡು 2006ರಲ್ಲಿ ಅದನ್ನು ಪ್ರಕಟಿಸಿದರು. ಮೊಣಕಾಲನ್ನು 90ರ ಬದಲು ಸುಮಾರು 110 ಡಿಗ್ರಿ ಮಡಚುತ್ತಾರೆ, ಪಾದವನ್ನು ಹೊರಕ್ಕೆ ಅತಿಯಾಗಿ ತಿರುಗಿಸುವುದಿಲ್ಲ, ಬೆರಳುಗಳ ಬುಡದ ಮೂಳೆಗಳನ್ನೆಲ್ಲ ಅಡಿಯಿಂದ ಒಟ್ಟಿಗೆ ಮೇಲಕ್ಕೆ ಒತ್ತಿ ಹಿಡಿಯುತ್ತಾರೆ. ಆದ್ದರಿಂದ ದೊಡ್ಡ ಆಪರೇಷನ್ನಿಗೆ ಅವಸರ ಬೇಡ. ಕೀಲುಗಳನ್ನು ಬಿಡಿಸಿ ನೇರ ಮಾಡಿದ ಪಾದಗಳು ಮುಂದೆ ಬಿಗಿದು ನೋಯುವುದನ್ನು ನೋಡಿಯೇ ಈ ದಾರಿ ಹುಟ್ಟಿದ್ದು. ಹಿಮ್ಮಡದ ನರವನ್ನು (ನಿಜಕ್ಕೂ ಅದು ಸ್ನಾಯುರಜ್ಜು) ಕೊಯ್ಯುವ ಸಣ್ಣ ಕೆಲಸ ಮಾತ್ರ ಬಹುತೇಕ ಮಕ್ಕಳಿಗೆ ಬೇಕಾಗುತ್ತದೆ. ಅದನ್ನು ತಪ್ಪಿಸಲು ಪಾದದ ಮುಂಭಾಗವನ್ನು ಬಲವಂತದಿಂದ ಮೇಲಕ್ಕೆತ್ತಿದರೆ ಹಿಮ್ಮಡ ಮೇಲೆಯೇ ಉಳಿದು ಪಾದ ನಡುವಿನಲ್ಲಿ ಮುರಿದಂತಾಗಿ, ಅಂಗಾಲು ದೋಣಿಯ ತಳದಂತೆ ಉಬ್ಬುತ್ತದೆ. ಆ ತೊಡಕು ಜಾರುವುದಕ್ಕಿಂತ ಕೆಟ್ಟದ್ದು.

ಮುಂದಿನ ಪ್ಲಾಸ್ಟರ್ ಹಾಕಿಸಿದ ಕೂಡಲೇ ಬೆರಳುಗಳ ಬುಡದಲ್ಲಿ ಅದರ ಅಂಚು ಎಲ್ಲಿದೆಯೆಂದು ಒಂದು ಫೋಟೋ ತೆಗೆದಿಟ್ಟುಕೊಂಡು, ಪ್ರತಿ ಸಲ ಬಟ್ಟೆ ಬದಲಿಸುವಾಗ ಹೋಲಿಸಿ ನೋಡಿ. ಬೆರಳು ಒಳಗೆ ಸರಿದಿದ್ದರೆ ಸರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ ಬಿಚ್ಚಿಸಿ. ಬೆರಳಿನ ತುದಿಯನ್ನು ಒತ್ತಿ ಬಿಟ್ಟಾಗ ಬಿಳಿಚಿದ್ದು ಎರಡು ಎಣಿಸುವುದರೊಳಗೆ ಮತ್ತೆ ಕೆಂಪಾಗಬೇಕು. ನೀಲಿಯಾದರೆ, ತಣ್ಣಗಾದರೆ, ಒಳಗಿನಿಂದ ವಾಸನೆ ಬಂದರೆ, ಕೂಸು ಹಾಲು ಬಿಟ್ಟು ಒಂದೇ ಸಮನೆ ಅತ್ತರೆ ರಾತ್ರಿಯಾದರೂ ಹೊರಡಿ. ಖರ್ಚಿನ ಚಿಂತೆಯಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಕ್ಕಳ ಹುಟ್ಟುದೋಷಗಳಿಗೆ ಉಚಿತ ಚಿಕಿತ್ಸೆ ಕೊಡಿಸುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್ ಫುಟ್ ಸೇರಿದೆ.

ರಾಣೆಬೆನ್ನೂರಿನ ತಂದೆ:

ಪ್ಲಾಸ್ಟರಿನ ಮಾತನ್ನು ಮೇಡಂ ಹೇಳಿದ್ದಾರೆ. ನಾನು ಎಡವಿದ್ದು ಅದರ ನಂತರ. ನನ್ನ ಮಗಳ ಎರಡೂ ಪಾದಗಳು ಆರು ಪ್ಲಾಸ್ಟರಿಗೆ ನೇರವಾದವು. ಪಾದ ಮತ್ತೆ ಒಳಕ್ಕೆ ತಿರುಗದಂತೆ, ನಡುವೆ ಗಟ್ಟಿ ಪಟ್ಟಿಯಿಂದ ಜೋಡಿಸಿದ ಬೂಟುಗಳನ್ನು ಮೂರು ತಿಂಗಳು ದಿನಕ್ಕೆ 23 ತಾಸು, ಆಮೇಲೆ ನಾಲ್ಕೈದು ವರ್ಷದವರೆಗೆ ಮಲಗುವಾಗ ಹಾಕಬೇಕೆಂದು ಹೇಳಿದ್ದರು. ಆದರೆ ರಾತ್ರಿ ಅತ್ತರೆ ನಮ್ಮವ್ವ ಬಿಚ್ಚಿಬಿಡುತ್ತಿದ್ದರು. ಒಂದು ಮದುವೆಗೆ ಹೋದಾಗ ಬೂಟು ಮನೆಯಲ್ಲೇ ಉಳಿದು ಹತ್ತು ದಿನ ಕಳೆಯಿತು. ಒಂದು ವರ್ಷ ತುಂಬಿ ಅವಳು ಓಡಾಡತೊಡಗಿದ ಮೇಲೆ ನಾವೇ ಕೈಬಿಟ್ಟೆವು. ಮೂರು ವರ್ಷಕ್ಕೆ ಬಲಗಾಲಿನ ಹೊರ ಅಂಚಿನ ಮೇಲೆ ನಡೆಯತೊಡಗಿದಳು. ಅವಳ ಚಪ್ಪಲಿಯ ಹೊರಬದಿ ಸವೆದು ತೆಳ್ಳಗಾಗಿದ್ದನ್ನು ಮೊದಲು ಕಂಡವನು ನಾನಲ್ಲ, ಚಪ್ಪಲಿ ಹೊಲಿಯುವವರು. ಮತ್ತೆ ಮೂರು ಪ್ಲಾಸ್ಟರ್ ಹಾಕಿ, ಪಾದವನ್ನು ಒಳಕ್ಕೆ ಎಳೆಯುತ್ತಿದ್ದ ಸ್ನಾಯುರಜ್ಜನ್ನು ಹೊರಬದಿಗೆ ಸರಿಸಿ ಕೂರಿಸುವ ಆಪರೇಷನ್ ಮಾಡಿದರು. ಈಗ ಚೆನ್ನಾಗಿ ನಡೆಯುತ್ತಾಳೆ, ಮೀನಖಂಡ ಮಾತ್ರ ತೆಳುವಾಗಿಯೇ ಇದೆ.

ರೋಣದ ತಾಯಿ:

ಇಬ್ಬರಿಗೂ ಧನ್ಯವಾದ. ಬಾವು ಇಳಿದಿದೆ, ಸೋಮವಾರ ಮತ್ತೆ ಪ್ಲಾಸ್ಟರ್ ಹಾಕಿಸುತ್ತೇವೆ, ಮೊಣಕಾಲು ಮಡಚುವುದನ್ನು ನಾನೇ ಕೇಳುತ್ತೇನೆ. ಅಣ್ಣಾರ, ಬೂಟಿನ ಪಟ್ಟಿ ತೊಟ್ಟಿಲಲ್ಲಿ ಹಿಡಿಸುತ್ತದೆಯೇ?

ರಾಣೆಬೆನ್ನೂರಿನ ತಂದೆ:

ನಮ್ಮ ಮರದ ತೊಟ್ಟಿಲಲ್ಲಿ ಹಿಡಿಸಲಿಲ್ಲ ತಂಗೀ. ಒದ್ದಾಗಲೆಲ್ಲ ಪಟ್ಟಿ ಕಟಾಂಜನಕ್ಕೆ ಬಡಿದು ಅವಳೇ ಎಚ್ಚರಗೊಳ್ಳುತ್ತಿದ್ದಳು, ಆ ಅಳುವಿಗೇ ಅವ್ವ ಬೂಟು ಬಿಚ್ಚುತ್ತಿದ್ದದ್ದು. ನೀವು ಮೊದಲ ದಿನದಿಂದಲೇ ನೆಲದ ಮೇಲೆ ಕೌದಿ ಹಾಸಿ ಮಲಗಿಸಿ, ಪಟ್ಟಿಗೆ ಹಳೆಯ ಸೀರೆಯ ತುಂಡು ಸುತ್ತಿ.