ಹಳೆಯ .315 ರೈಫಲ್: ಮುಂದಿನ ಸೈಟನ್ನು ಅರದಿಂದ ಉಜ್ಜಬೇಕೇ?

ಪ್ರಶ್ನೆ (ಗಂಗಾವತಿಯಿಂದ)

ಬಲ್ಲವರಿಗೆ ನಮಸ್ಕಾರ. ನಮ್ಮ ಅಜ್ಜನವರ ಕಾಲದಿಂದ ಮನೆಯಲ್ಲಿದ್ದು, ಈಗ ಪರವಾನಗಿ ನನ್ನ ಹೆಸರಿಗೆ ಬಂದಿರುವ ಇಛಾಪುರದ ಬಂದೂಕು ಕಾರ್ಖಾನೆಯ .315 (ನಳಿಕೆಯ ಒಳ ಅಳತೆ, ಇಂಚಿನಲ್ಲಿ) ರೈಫಲನ್ನು ಗುರಿ ಅಭ್ಯಾಸಕ್ಕೆ ಸಿದ್ಧಪಡಿಸಿಕೊಳ್ಳುತ್ತಿದ್ದೇನೆ. ಕಳೆದ ಭಾನುವಾರ ಬೆಳಿಗ್ಗೆ 9ರ ಸುಮಾರಿಗೆ ರೇಂಜಿನಲ್ಲಿ, 50 ಮೀಟರ್ ದೂರದಿಂದ, ಮರಳುಚೀಲದ ಆಸರೆಯಲ್ಲಿ ಐದು ಗುಂಡು ಹಾರಿಸಿದೆ. ಐದೂ ಅಂಗೈಯಗಲದಲ್ಲಿ ಬಿದ್ದವು. ಆದರೆ ಗುಂಪಿನ ನಡು ಕರಿವೃತ್ತದ ಕೇಂದ್ರದಿಂದ 10 ಸೆಂ.ಮೀ. ಎಡಕ್ಕೂ 6 ಸೆಂ.ಮೀ. ಕೆಳಕ್ಕೂ ಇತ್ತು. ಈ ಬಂದೂಕಿನ ಹಿಂದಿನ ಸೈಟ್ (ಕಣ್ಣಿನ ಕಡೆಯ ಗುರಿಗಂಡಿ) ಎಡಬಲಕ್ಕೆ ಸರಿಯುವುದಿಲ್ಲ. ಮುಂದಿನ ಸೈಟಿನ (ನಳಿಕೆಯ ಬಾಯಿಯ ಬಳಿಯ ಗುರಿಮೊನೆ) ತುದಿಯನ್ನು ಅರದಿಂದ ಉಜ್ಜಿದರೆ ಗುಂಡು ಮೇಲೇರುತ್ತದೆ ಎಂದು ಪರಿಚಿತರೊಬ್ಬರು ಅರವನ್ನೂ ಕೊಟ್ಟುಹೋಗಿದ್ದಾರೆ. ಉಜ್ಜಲೇ?

ಉತ್ತರ 1 (ನಿವೃತ್ತ ಆರ್ಮರರ್, ಬಳ್ಳಾರಿ)

ಅರವನ್ನು ದಯವಿಟ್ಟು ಒಳಗಿಡಿ. ತುದಿ ಗಿಡ್ಡವಾದರೆ ಗುಂಡು ಮೇಲೇರುವುದು ನಿಜ, ಆದರೆ ಉಜ್ಜಿದ ಉಕ್ಕು ಮತ್ತೆ ಬೆಳೆಯುವುದಿಲ್ಲ. ಸೇನೆಯ .303 ನಾಗರಿಕರಿಗೆ ನಿಷೇಧಿತ ಬೋರ್ (ನಳಿಕೆಯ ಅಳತೆ) ಆದ್ದರಿಂದ ನಾಗರಿಕರಿಗೆಂದು .315 ತಯಾರಾಯಿತು, ಕಾಡತೂಸು ಆಸ್ಟ್ರಿಯಾದ ಹಳೆಯ 8 ಮಿ.ಮೀ. ಮ್ಯಾನ್ಲಿಕರ್ ವಂಶದ್ದಾದರೂ ಬೋಲ್ಟಿನ ರಚನೆ ಸೇನೆಯ .303 ರೈಫಲಾದ ಲೀ-ಎನ್‌ಫೀಲ್ಡಿನದೇ. ಹೀಗಾಗಿ ಸೇನೆಯಲ್ಲಿ ಬಂದೂಕು ದುರಸ್ತಿ ಮಾಡುವ ಆರ್ಮರರುಗಳಾಗಿ ನಾವು ಕಲಿತ ಪಾಠ ಇಲ್ಲಿಯೂ ನಡೆಯುತ್ತದೆ.

ಮೊದಲು ಒಂದು ಪ್ರಶ್ನೆ: ನೀವು ಗುರಿ ಹಿಡಿದದ್ದು ಕರಿವೃತ್ತದ ನಡುವಿಗೋ, ಅದರ ಕೆಳಅಂಚಿಗೋ? ವೃತ್ತದ ವ್ಯಾಸ 12 ಸೆಂ.ಮೀ. ಇದ್ದು ನೀವು ಕೆಳಅಂಚನ್ನು ಹಿಡಿದಿದ್ದರೆ, ಗುಂಡು ನೀವು ತೋರಿಸಿದ ಎತ್ತರಕ್ಕೇ ಹೋಗಿದೆ. ಆಗ ಬಂದೂಕಿನಲ್ಲಿ ತಪ್ಪು ಹುಡುಕುವುದೇ ತಪ್ಪು.

ಎಡಬಲದ ದೋಷಕ್ಕೆ ಲೆಕ್ಕವಿದೆ. ಗುಂಡು ಯಾವ ಕಡೆಗೆ ತಪ್ಪಿದೆಯೋ ಮುಂದಿನ ಸೈಟನ್ನು ಅದೇ ಕಡೆಗೆ ಸರಿಸಬೇಕು. ಎಷ್ಟು ಎಂದರೆ, ತಪ್ಪಿದ ಅಂತರವನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ ಗುರಿಯ ದೂರದಿಂದ ಭಾಗಿಸಬೇಕು. ಸೈಟುಗಳ ನಡುವೆ 50 ಸೆಂ.ಮೀ. ಇದ್ದರೆ, 50 ಮೀಟರಿನಲ್ಲಿ 10 ಸೆಂ.ಮೀ. ತಪ್ಪಿಗೆ 1 ಮಿ.ಮೀ. ಸಾಕು. ಆದರೆ ಅದನ್ನೂ ಈಗಲೇ ಸರಿಸಬೇಡಿ. ನಮ್ಮ ಸೀಮೆಯ ಬಿಸಿಲಿಗೆ ಬಂದೂಕಿನ ಹಳೆಯ ಕಟ್ಟಿಗೆ ಒಣಗಿ ಕುಗ್ಗುತ್ತದೆ, ಟ್ರಿಗರ್ ಗಾರ್ಡಿನ ಮುಂದಿನ ಸ್ಕ್ರೂ ಸಡಿಲಾಗುತ್ತದೆ, ನಳಿಕೆ ಪ್ರತಿ ಸಲ ಬೇರೆ ಬೇರೆಯಾಗಿ ಕೂರುತ್ತದೆ. ಬಂದೂಕು ಖಾಲಿಯಿದೆ ಎಂದು ಎರಡು ಸಲ ನೋಡಿಕೊಂಡು ಆ ಸ್ಕ್ರೂವನ್ನು ಬಿಗಿ ಮಾಡಿ, ಮತ್ತೆ ಐದು ಹಾರಿಸಿ.

ಉತ್ತರ 2 (ಸಿಂಧನೂರಿನಿಂದ)

ಆರ್ಮರರ್ ಸಾಹೇಬರ ಮಾತಿಗೆ ಒಂದು ಸೇರಿಕೆ. ಬೆಳಿಗ್ಗೆ 9ಕ್ಕೆ ಗುರಿಯ ಹಲಗೆ ನಿಮ್ಮಿಂದ ಉತ್ತರ ದಿಕ್ಕಿಗಿದ್ದರೆ ಸೂರ್ಯ ನಿಮ್ಮ ಬಲಕ್ಕೆ ಇದ್ದಿರಬೇಕು. ಆಗ ಮುಂದಿನ ಸೈಟಿನ, ಅಂದರೆ ಉರ್ದು ಬಲ್ಲ ಹಳಬರು ಮಖ್ಖಿ ಎನ್ನುವುದರ, ಬಲಮಗ್ಗುಲು ಹೊಳೆದು ಕಣ್ಣು ಆ ಹೊಳಪನ್ನೇ ನಡುವೆಂದು ಹಿಡಿಯುತ್ತದೆ. ಗುಂಡು ಎಡಕ್ಕೆ ಹೋಗುತ್ತದೆ. ಎಣ್ಣೆದೀಪದ ಮಸಿಯನ್ನು ತುದಿಗೆ ಹಿಡಿಸಿ ನೋಡಿ. ಸರಿಸುವ ಕೆಲಸಕ್ಕೆ ಮನೆಯ ಸುತ್ತಿಗೆಯನ್ನು ಮುಟ್ಟದೆ, ಪರವಾನಗಿ ಇರುವ ರಿಪೇರಿಯವರಲ್ಲಿಗೆ ಹೋಗಿ. ನಾನು ಒಮ್ಮೆ ಹಿತ್ತಾಳೆಯ ಮೊಳೆ ಇಟ್ಟು ಹೊಡೆದು, ಸೈಟ್ ಒಂದೇ ಏಟಿಗೆ ಬೇಕಾದ ಎರಡರಷ್ಟು ಸರಿದುಹೋಗಿತ್ತು.

ಪ್ರಶ್ನೆ ಕೇಳಿದವರು

ಹಲಗೆ ಉತ್ತರಕ್ಕೇ ಇತ್ತು, ವೃತ್ತ 12 ಸೆಂ.ಮೀ.ನದೇ, ನಾನು ಹಿಡಿದದ್ದು ಕೆಳಅಂಚನ್ನೇ. ಸ್ಕ್ರೂ ಮುಕ್ಕಾಲು ಸುತ್ತು ತಿರುಗಿತು. ಮಸಿ ಹಿಡಿಸಿ ಈ ಭಾನುವಾರ ಮತ್ತೆ ಐದು ಹಾರಿಸಿದಾಗ ಎಡದ ತಪ್ಪು 4 ಸೆಂ.ಮೀ.ಗೆ ಇಳಿದಿದೆ, ಎತ್ತರ ಮೊದಲಿನಂತೆಯೇ ಇದೆ. ಹಾಗಾದರೆ 0.4 ಮಿ.ಮೀ. ಎಡಕ್ಕೆ ಸರಿಸಿದರೆ ಸಾಕಲ್ಲವೇ?

ಉತ್ತರ 1 (ನಿವೃತ್ತ ಆರ್ಮರರ್, ಬಳ್ಳಾರಿ)

ಸಾಕು. ಸರಿಸುವ ಮುನ್ನ ಸೈಟಿನ ಬುಡದಿಂದ ಅದರ ಪೀಠದವರೆಗೆ ಸೂಜಿಯಿಂದ ಸಣ್ಣ ಗೀರು ಎಳೆಸಿಕೊಳ್ಳಿ. ಎಷ್ಟು ಸರಿಯಿತು ಎಂಬುದು ಆ ಗೀರು ಮುರಿದ ಜಾಗದಲ್ಲಿ ಕಾಣುತ್ತದೆ. ಮುಂದಿನ ಐದನ್ನು ಸಂಜೆ ಹೊತ್ತಿನಲ್ಲಿ, ಸೂರ್ಯ ಎಡಕ್ಕಿರುವಾಗ ಹಾರಿಸಿ ಬರೆಯಿರಿ.