ಯುಕೆ ಬ್ಯಾಚ್‌ಮೇಟ್ಸ್ ಗುಂಪು: ಆಗಸ್ಟ್ ಟ್ರಿಪ್ ಪ್ಲಾನ್

ಮಂಜು: ಎಲ್ರೂ ನೋಡ್ರಪ್ಪಾ, ಆಗಸ್ಟ್ ಬ್ಯಾಂಕ್ ಹಾಲಿಡೇ (ಸರ್ಕಾರಿ ರಜೆ) ಸೋಮವಾರದ ಪ್ಲಾನ್ ಪಿಡಿಎಫ್ ಹಾಕಿದೀನಿ. ರೆಡಿಂಗಿಂದ ಬೆಳಗ್ಗೆ ಏಳಕ್ಕೆ ಕೋಚ್ ಬಸ್ಸು. ಬೈಬರಿ ಮುಕ್ಕಾಲು ಗಂಟೆ, ಬೋರ್ಟನ್ ಒಂದು ಗಂಟೆ, ಕಾಸಲ್ ಕೂಂಬ್ ಮುಕ್ಕಾಲು ಗಂಟೆ. ಪುಳಿಯೋಗರೆ ನಮ್ಮನೆಯಿಂದ. ಒಂದೇ ದಿನದಲ್ಲಿ ಈ ಮೂರು ಹಳ್ಳಿ ನೋಡಿ ಕಾಟ್ಸ್‌ವೋಲ್ಡ್ಸ್ ಗುಡ್ಡದ ಸೀಮೆ ಮುಗಿಸಿಬಿಡೋಣ

ಸುಧಾ: ಸೂಪರ್ ಮಂಜು 👌 ಬೈಬರಿಯ ಆ ಹಳೇ ಸಾಲುಮನೆಗಳು, ಆರ್ಲಿಂಗ್ಟನ್ ರೋ ಮುಂದೆ ನಾವೆಲ್ಲ ಸೀರೆ ಉಟ್ಕೊಂಡು ಒಂದು ಗ್ರೂಪ್ ಫೋಟೋ ಬೇಕೇ ಬೇಕು

ರಘು: ಮಂಜು ಬೇಜಾರು ಮಾಡ್ಕೋಬೇಡ, ಬೈಬರಿ ಲಿಸ್ಟಿಂದ ತೆಗೆದುಬಿಡು. ನಾನಿರೋದು ಸೈರನ್‌ಸೆಸ್ಟರ್ ಪಕ್ಕ, ಬೇಸಿಗೆ ರಜೆ ದಿನ ಅಲ್ಲಿ ಏನಾಗುತ್ತೆ ಅಂತ ಕಣ್ಣಾರೆ ನೋಡಿದೀನಿ. ಚಿಕ್ಕ ಹಳ್ಳಿ, ಒಂದೇ ರೋಡು, ಕೋಚ್ ಮೇಲೆ ಕೋಚ್. ಆ ಸಾಲುಮನೆಗಳಲ್ಲಿ ಜನ ಇದಾರೆ ಕಣೋ, ಅದು ಸೆಟ್ ಅಲ್ಲ

ಬಸು: ಏನಪಾ ರಘು, ನಾವು ಹೋದ್ರ ಅಷ್ಟ ಗದ್ದಲ ಆಗ್ತೈತೇನು? ಲಂಡನ್ನಿಂದ ದಿನಾ ಕೋಚ್ ತುಂಬಿ ಟೂರಿಸ್ಟ್ ಬರ್ತಾರ, ಅವರಿಗೆ ಯಾರೂ ಏನೂ ಅನ್ನಂಗಿಲ್ಲ. ನಾವೂ ಇಲ್ಲೇ ಟ್ಯಾಕ್ಸ್ ಕಟ್ತೀವಿ. ಪಬ್ಲಿಕ್ ಫುಟ್‌ಪಾತ್ ಅಂದ್ರ ಪಬ್ಲಿಕ್

ಸುಧಾ: ಅದೇ. ಆ ಮನೆಗಳು ಹಳೇ ಕಟ್ಟಡ ಕಾಪಾಡೋ ನ್ಯಾಷನಲ್ ಟ್ರಸ್ಟ್‌ದು, ನಾನು ಮೆಂಬರ್, ದುಡ್ಡು ಕೊಡ್ತೀನಿ. ನೋಡ್ಬೇಡಿ ಅಂದ್ರೆ ಹೇಗೆ?

ರಘು: ಬಸು, ಇದು ಮೈಬಣ್ಣದ ಮಾತಲ್ಲ. ಬಂದಿರೋ ಕೋಚ್‌ಗಳ ಬಗ್ಗೆ ಅಲ್ಲಿಯವರು ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಟ್ಟು ಕೊಟ್ಟು ಸಾಕಾಗಿದೆ, ಆ ಕೋಚ್‌ಗಳಲ್ಲಿ ಎಲ್ಲಾ ದೇಶದವರೂ ಇರ್ತಾರೆ. ದಾರಿ ಪಬ್ಲಿಕ್, ಒಪ್ಪಿದೆ. ಕಿಟಕಿ ಕಟ್ಟೆ ಪಬ್ಲಿಕ್ ಅಲ್ಲ. ಹೋದ ಬೇಸಿಗೆ ಒಂದು ಫ್ಯಾಮಿಲಿ ಆ ಕಟ್ಟೆ ಮೇಲೆ ಟಿಫಿನ್ ಡಬ್ಬಿ ಬಿಚ್ಚಿಟ್ಟು ಮಗುಗೆ ಅನ್ನ ತಿನ್ನಿಸ್ತಿದ್ರು, ಒಳಗಿಂದ ಒಬ್ಬ ಅಜ್ಜಿ ಗಾಜಿನ ಹಿಂದೆ ನಿಂತು ನೋಡ್ತಿದ್ರು, ಬೈಲೂ ಇಲ್ಲ, ಪರದೆ ಎಳೆದುಕೊಂಡ್ರು. ನಮ್ಮ ಭಾಷೆ ಮಾತಾಡೋರೇ. ನನಗೆ ಆ ಹೊತ್ತು ತುಂಬಾ ಸಂಕಟ ಆಯ್ತು. ಸುಧಾ, ನೋಡ್ಬೇಡಿ ಅನ್ನಲ್ಲ. ಆ ಸಾಲುಮನೆ 1380ರಲ್ಲಿ ಉಣ್ಣೆ ಇಡೋಕೆ ಮಠದವರು ಕಟ್ಟಿಸಿದ್ದು, ಆಮೇಲೆ 17ನೇ ಶತಮಾನದಲ್ಲಿ ನೇಕಾರರ ಮನೆ ಆಯ್ತು, ಎದುರಿಗಿರೋ ರ‍್ಯಾಕ್ ಐಲ್ ಅನ್ನೋ ಹುಲ್ಲುಗಾವಲಲ್ಲಿ ಬಟ್ಟೆ ಒಣಗಹಾಕ್ತಿದ್ರು. ಇದನ್ನೆಲ್ಲ ನೋಡೋಕೆ ಒಂದು ವಾರದ ದಿನ ಬೆಳಗ್ಗೆ ನಾಲ್ಕು ಜನ ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ. ಒಂದು ಕೋಚ್ ಜನ ಬ್ಯಾಂಕ್ ಹಾಲಿಡೇಗೆ ಬೇಡ

ಮಂಜು: ಸರಿ ಮಾರಾಯ, ಬರೀ ಬೇಡ ಅಂದ್ರೆ ಆಗಲ್ಲ, ಬೇರೆ ಏನು ಮಾಡೋಣ ಹೇಳು

ರಘು: ಹೇಳ್ತೀನಿ. ನಿನ್ನ ಪ್ಲಾನಲ್ಲೇ ಇದೆ, ನೀನು ನೋಡಿಲ್ಲ. ಅದೇ ಸೋಮವಾರ ಬೋರ್ಟನ್‌ನಲ್ಲಿ ಹೊಳೆಯೊಳಗೆ ಫುಟ್‌ಬಾಲ್ ಮ್ಯಾಚ್! ಊರ ಮಧ್ಯದಲ್ಲೇ ವಿಂಡ್‌ರಷ್ ಹೊಳೆ ಹರಿಯುತ್ತಲ್ಲ, ಆ ನೀರಲ್ಲೇ ಗೋಲ್ ಪೋಸ್ಟ್ ನೆಟ್ಟು ಕಡೆಗೆ ಆರಾರು ಜನ ಅರ್ಧ ಗಂಟೆ ಆಡ್ತಾರೆ. ಊರಿನ ಕ್ಲಬ್ ಹುಡುಗ್ರೇ. ನೂರು ವರ್ಷಕ್ಕೂ ಮೇಲಿಂದ ನಡೀತಾ ಬಂದಿದೆ. ಚೆಂಡು ಯಾವುದು ನೀರು ಯಾವುದು ಗೊತ್ತಾಗಲ್ಲ, ದಡದಲ್ಲಿ ಮುಂದೆ ನಿಂತೋರೆಲ್ಲ ತೊಯ್ದು ತೊಪ್ಪೆ, ಟಿಕೆಟ್ ಇಲ್ಲ, ಕ್ಲಬ್‌ನವರು ಡಬ್ಬಿ ಹಿಡ್ಕೊಂಡು ಬಂದಾಗ ಕೈಲಾದಷ್ಟು ಹಾಕಿದ್ರಾಯ್ತು. ಅಂಥ ದಿನ ಒಂದು ಗಂಟೆ ಬೋರ್ಟನ್ ಅಂತ ಬರೆದಿದೀಯಲ್ಲೋ, ತೇರಿನ ದಿನ ಊರಿಗೆ ಹೋಗಿ ತೇರು ಎಳೆಯೋಕೆ ಮುಂಚೆ ಬಸ್ ಹತ್ತಿದಂಗೆ ಅದು

ಬಸು: ಹೊಳ್ಯಾಗ ಫುಟ್‌ಬಾಲಾ?? ಇದನ್ನ ಮೊದಲ ಹೇಳಬೇಕಿಲ್ಲೋ ಮಾರಾಯ

ರಘು: ಬೆಳಗ್ಗೆ ಬೇಗ ತಲುಪಿ, ಬೋರ್ಟನ್ನಿಂದ ಲೋವರ್ ಸ್ಲಾಟರ್‌ಗೆ ಹೊಲದ ಮೇಲೆ ನಡೆಯೋಣ, ಒಂದೂವರೆ ಮೈಲಿ ಅಷ್ಟೇ. ದಾರಿಗೆ ಹಳದಿ ಬಾಣದ ಗುರುತು ಇರುತ್ತೆ, ಗೇಟ್ ತೆಗೆದ್ರೆ ಹಿಂದೆ ಬರೋರು ಹಾಕಬೇಕು, ಕುರಿ ಹತ್ರ ಮಕ್ಕಳನ್ನ ಓಡಿಸಬೇಡಿ. ಆ ತುದೀಲಿ ನೀರಿನ ಚಕ್ರ ಇರೋ ಹಳೇ ಹಿಟ್ಟಿನ ಗಿರಣಿ. ಇನ್ನೂ ಸ್ವಲ್ಪ ನಡೆದ್ರೆ ಅಪ್ಪರ್ ಸ್ಲಾಟರ್, ಎರಡೂ ಮಹಾಯುದ್ಧಕ್ಕೆ ಹೋದ ಆ ಊರಿನೋರೆಲ್ಲ ಜೀವಂತ ವಾಪಸ್ ಬಂದ್ರು, ಇಂಗ್ಲೆಂಡಲ್ಲಿ ಹಾಗಾದ ಊರುಗಳು ಬೆರಳೆಣಿಕೆ

ಲತಾ: ರಘು ನೀನು ಹೇಳೋದೆಲ್ಲ ಚೆನ್ನಾಗಿದೆ, ಆದ್ರೆ ನಮ್ಮತ್ತೆ ಮಾವ ಬಂದಿದಾರೆ, ಸೆಪ್ಟೆಂಬರ್‌ಗೆ ವಾಪಸ್. ಅತ್ತೆಗೆ ಮಂಡಿ ನೋವು, ಕುರಿ ಹೊಲದಲ್ಲಿ ನಡೆಸೋಕಾಗುತ್ತಾ? ಯೂಟ್ಯೂಬಲ್ಲಿ ಆ ಬೈಬರಿ ಮನೆ ನೋಡಿ ನೋಡಿ ಆಸೆ ಪಟ್ಟಿದಾರೆ. ವಯಸ್ಸಾದೋರಿಗೆ ಇನ್ನೊಂದು ಸಲ ಅನ್ನೋದು ಎಲ್ಲಿ ಬರುತ್ತೆ

ಸುಧಾ: ಇದಕ್ಕೆ ಉತ್ತರ ಕೊಡು ರಘು

ರಘು: ಲತಾ, ಅವರನ್ನ ಹಿಂದಿನ ದಿನವೇ ನಮ್ಮನೆಗೆ ಕಳಿಸು. ಬೆಳಗ್ಗೆ ಎಂಟಕ್ಕೆ ಕಾರಲ್ಲಿ ಬೈಬರಿ, ಕೋಚ್‌ಗಳು ಬರೋಕೆ ಮುಂಚೆ ನೋಡಿ, ನಿಮಗಿಂತ ಮೊದಲೇ ಬೋರ್ಟನ್‌ನಲ್ಲಿ ಇರ್ತೀವಿ. ಹೊಳೆ ದಡದಲ್ಲಿ ಹುಲ್ಲು, ಮರದ ನೆರಳು, ಮಡಚೋ ಕುರ್ಚಿ ತರ್ತೀನಿ. ಅವರು ನಡೆಯೋದೇ ಬೇಡ

ಲತಾ: ಥ್ಯಾಂಕ್ಸ್ ಕಣೋ. ಹಾಗಾದ್ರೆ ನಾನು ಬೋರ್ಟನ್ ಕಡೆ

ಸುಧಾ: ನಾನಿನ್ನೂ ಒಪ್ಪಿಲ್ಲ. ನಾವು ಗಲಾಟೆ ಮಾಡದೆ ಹತ್ತು ನಿಮಿಷ ಫೋಟೋ ತೆಗೆದು ಹೋದ್ರೆ ಯಾರಿಗೂ ತೊಂದರೆ ಆಗಲ್ಲ ಅನ್ನೋದೇ ನನ್ನ ಮಾತು

ರಘು: ಪ್ರತಿ ಕೋಚಿನವರೂ ಹತ್ತೇ ನಿಮಿಷ ಅಂತಾರೆ ಸುಧಾ. ಅಲ್ಲಿರೋರಿಗೆ ಅದು ಇಡೀ ದಿನ. ಮತ್ತೆ ನಾವು ಅಲ್ಲಿ ಯಾರ ಜೊತೆನೂ ಮಾತಾಡಲ್ಲ, ಊಟ ಮನೆಯಿಂದ, ಒಂದು ಕಪ್ ಟೀ ಸಹ ಕುಡಿಯಲ್ಲ, ಟಾಯ್ಲೆಟ್ ಮಾತ್ರ ಕೇಳ್ತೀವಿ. ಬೋರ್ಟನ್‌ನಲ್ಲಿ ಅವರೇ ಬನ್ನಿ ಅಂತ ಕರೀತಿದಾರೆ, ಪಕ್ಕದಲ್ಲಿ ನಿಂತೋರ ಹತ್ರ ಯಾವ ಟೀಮ್ ನಿಮ್ದು ಅಂತ ಕೇಳಿ ನೋಡು, ಅವರೇ ಕಥೆ ಶುರು ಮಾಡ್ತಾರೆ. ನಾವು ಈ ದೇಶದಲ್ಲಿ ಇರೋರು, ಟೂರಿಸ್ಟ್ ಥರ ಮೂರು ಊರಿಗೆ ಟಿಕ್ ಹಾಕ್ಕೊಂಡು ಯಾಕೆ ಓಡಬೇಕು

ಬಸು: ನನ್ನ ವೋಟು ಹೊಳಿಗೆ. ಆದ್ರ ಪುಳಿಯೋಗರೆ ಬಿಡಂಗಿಲ್ಲ

ರಘು: ಅದನ್ನ ಯಾರು ಬಿಡು ಅಂದ್ರು, ಕಸ ವಾಪಸ್ ತರೋಣ ಅಷ್ಟೇ. ಮಧ್ಯಾಹ್ನ ಅಲ್ಲೇ ಸ್ಕೋನ್, ಜಾಮ್, ಕ್ಲಾಟೆಡ್ ಕ್ರೀಮ್

ಮಂಜು: ಸರಿ, ಮೊದಲು ಕೋಚ್‌ನವರಿಗೆ ಫೋನ್ ಮಾಡ್ತೀನಿ, ಅವತ್ತು ಬೋರ್ಟನ್‌ನಲ್ಲಿ ಗಾಡಿ ದಿನಪೂರ್ತಿ ನಿಲ್ಲಿಸೋಕೆ ಜಾಗ ಸಿಗದಿದ್ರೆ ಈ ಚರ್ಚೆನೇ ವೇಸ್ಟು, ಕಾರ್ ಹಂಚ್ಕೊಂಡು ಹೋಗೋ ಲೆಕ್ಕ ಹಾಕ್ಬೇಕು. ಸಂಜೆ ಪೋಲ್ ಹಾಕ್ತೀನಿ

ಸುಧಾ: ಪೋಲಲ್ಲಿ ಬೈಬರಿನೂ ಇರ್ಬೇಕು

ಮಂಜು: ಇರುತ್ತೆ