ಊರಲ್ಲಿ ಗಲಾಟೆ, ನಿಷೇಧಾಜ್ಞೆ: ಓಟದ ತರಬೇತಿ ಈಗ ಶುರು ಮಾಡಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಶಾಲೆಯಲ್ಲಿ ಟೀಚರ್, ಇರುವುದು ಒಂದು ಜಿಲ್ಲಾ ಕೇಂದ್ರದಲ್ಲಿ. ಊರ ಹೆಸರು ಸದ್ಯಕ್ಕೆ ಬೇಡ. ಒಂದು ವರ್ಷದಿಂದ ವಾರಕ್ಕೆ ಮೂರು ದಿನ ಐದು ಕಿಲೋಮೀಟರ್ ಓಡುತ್ತಿದ್ದೇನೆ. ಈಗ ಮೊದಲ ಸಲ 21 ಕಿಲೋಮೀಟರಿನ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. 12 ವಾರದ ತರಬೇತಿ ಈ ಸೋಮವಾರ ಶುರುವಾಗಬೇಕು. ಆದರೆ ಊರಲ್ಲಿ ಗಲಾಟೆಯಾಗಿ ನಿಷೇಧಾಜ್ಞೆ ಹಾಕಿದ್ದಾರೆ. ಕ್ರೀಡಾಂಗಣಕ್ಕೆ ಬೀಗ ಬಿದ್ದಿದೆ. ಸಂಜೆಯಾಗುತ್ತಲೇ ಅಂಗಡಿಗಳು ಮುಚ್ಚುತ್ತವೆ. "ಜನ ಹೊಡೆದಾಡ್ತಿರುವಾಗ ನಿನಗೆ ಓಟ ಬೇಕಾ?" ಅಂತ ಅಮ್ಮ ಕೇಳುತ್ತಾರೆ. ನನಗೂ ಮುಜುಗರವೇ. ಮುಂದೂಡಲಾ, ಶುರು ಮಾಡಲಾ? ಇಂಥ ಹೊತ್ತಿನಲ್ಲಿ ತರಬೇತಿ ಶುರು ಮಾಡಿದವರು ಯಾರಾದರೂ ಇದ್ದರೆ ಹೇಳಿ.

ವಿಜಯನಗರ, ಬೆಂಗಳೂರು

ಮೇಡಂ, ಶುರು ಮಾಡಿ. ಆದರೆ ಹಾಳೆಯಲ್ಲಿ ಬರೆದಿರುವ ಹಾಗೆ ಶುರು ಮಾಡಬೇಡಿ.

2016ರಲ್ಲಿ ನಾನು ಮುಂಬೈ ಮ್ಯಾರಥಾನ್‌ಗೆ ತಯಾರಾಗುತ್ತಿದ್ದೆ. ಓಟ 2017ರ ಜನವರಿ 15ಕ್ಕೆ. ಹಿಂದಕ್ಕೆ 18 ವಾರ ಎಣಿಸಿದರೆ ತರಬೇತಿಯ ಮೊದಲ ದಿನ ಸೆಪ್ಟೆಂಬರ್ 12, ಸೋಮವಾರ. ಆವತ್ತು ಬೆಂಗಳೂರಲ್ಲಿ ಏನಾಯಿತು ಅಂತ ಇಲ್ಲಿ ಅನೇಕರಿಗೆ ನೆನಪಿರುತ್ತದೆ. ಕಾವೇರಿ ನೀರು ಬಿಡಲು 5ನೇ ತಾರೀಕೇ ಸುಪ್ರೀಂ ಕೋರ್ಟ್ ಆದೇಶ ಬಂದಿತ್ತು. 9ಕ್ಕೆ ಕರ್ನಾಟಕ ಬಂದ್ ಆಗಿತ್ತು. 12ರಂದು ಕೋರ್ಟ್ ದಿನಕ್ಕೆ 15,000 ಕ್ಯೂಸೆಕ್ ಇದ್ದದ್ದನ್ನು 12,000ಕ್ಕೆ ಇಳಿಸಿ, 20ರವರೆಗೆ ಬಿಡಿ ಅಂತ ಹೇಳಿತು. ಮಧ್ಯಾಹ್ನದ ಹೊತ್ತಿಗೆ ಊರೇ ಕೆಟ್ಟುಹೋಯಿತು. ತಮಿಳುನಾಡು ನೋಂದಣಿಯ ಲಾರಿ, ಬಸ್ಸುಗಳಿಗೆ ಬೆಂಕಿ ಹಚ್ಚಿದರು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬರು ಬಲಿಯಾದರು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ನಮ್ಮ ವಿಜಯನಗರವೂ ಅದರಲ್ಲಿತ್ತು, ನಾನು ಓಡುತ್ತಿದ್ದ ಜ್ಞಾನಭಾರತಿಯೂ ಇತ್ತು.

ಕರ್ಫ್ಯೂ 14ಕ್ಕೇ ತೆಗೆದರು. ಆದರೆ ಕರ್ಫ್ಯೂ ತೆಗೆದ ಕೂಡಲೇ ಊರು ಮೊದಲಿನ ಹಾಗೆ ಆಗುವುದಿಲ್ಲ. ಮೈಸೂರು ರಸ್ತೆ ಕಡೆ ಸುಟ್ಟ ಟೈರಿನ ವಾಸನೆ, ರಸ್ತೆಯಲ್ಲಿ ಗಾಜಿನ ಚೂರು. ಸಣ್ಣ ಸದ್ದಾದರೂ ಜನ ತಿರುಗಿ ನೋಡುತ್ತಿದ್ದರು. ಆ ವಾರ ನಾನು ಮನೆ ಸುತ್ತಲಿನ ಅಡ್ಡರಸ್ತೆಗಳಲ್ಲೇ ಓಡಿದೆ.

ಆಗ ನನಗೆ ಮನದಟ್ಟಾದ ಸಂಗತಿ ಒಂದಿದೆ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೀವು ನೆನಪಿಡಿ. ಶಾಂತವಾಗಿರುವ ದಿನ ಓಡುವವರನ್ನು ಕಂಡರೆ ಜನರಿಗೆ ವ್ಯಾಯಾಮ ಅನ್ನಿಸುತ್ತದೆ. ಗಲಾಟೆಯ ದಿನ ಅದೇ ಓಟ ಬೇರೆ ಥರ ಕಾಣುತ್ತದೆ. ಇವರು ಯಾರಿಂದಲೋ ತಪ್ಪಿಸಿಕೊಳ್ಳುತ್ತಿದ್ದಾರೆ, ಇಲ್ಲಾ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಅಂತ. ಪೊಲೀಸರಿಗೂ ಹಾಗೇ ಅನ್ನಿಸಬಹುದು, ಮೂಲೆಯಲ್ಲಿ ನಿಂತ ಹುಡುಗರ ಗುಂಪಿಗೂ ಅನ್ನಿಸಬಹುದು. ಹಾಗಾಗಿ ಬ್ಯಾರಿಕೇಡ್, ಪೊಲೀಸ್ ವ್ಯಾನ್, ಗುಂಪು, ಯಾವುದೇ ಕಂಡರೂ ದೂರದಿಂದಲೇ ನಡಿಗೆಗೆ ಇಳಿಯಿರಿ. ತಟ್ಟನೆ ತಿರುಗಿ ಓಡಬೇಡಿ. ಕೇಳಿದರೆ ನಿಂತು ಉತ್ತರ ಕೊಡಿ. ಜೇಬಿನಲ್ಲಿ ಗುರುತಿನ ಚೀಟಿ ಇರಲಿ. ಕಿವಿಗೆ ಇಯರ್‌ಫೋನ್ ಬೇಡ, ಸುತ್ತಲಿನ ಸದ್ದು ಕೇಳಿಸಬೇಕು. ಬಟ್ಟೆಯ ಬಣ್ಣದ ಬಗ್ಗೆಯೂ ಯೋಚಿಸಿ. ನಮ್ಮಲ್ಲಿ ಕೇಸರಿಗೆ ಒಂದು ಅರ್ಥ, ಹಸಿರಿಗೆ ಒಂದು ಅರ್ಥ ಹಚ್ಚುವವರಿದ್ದಾರೆ. ಬೂದು ಬಣ್ಣದ್ದೋ ಬಿಳಿಯದೋ ಸಾದಾ ಟಿ-ಶರ್ಟ್ ಸಾಕು.

ಇನ್ನೊಂದು, ಖಾಲಿ ರಸ್ತೆ. ಬಂದ್ ದಿನ ಟ್ರಾಫಿಕ್ ಇಲ್ಲ ಅಂತ ದೂರ ಹೋಗುವ ಆಸೆ ಆಗುತ್ತದೆ. ಆದರೆ ಎಂಟು ಕಿಲೋಮೀಟರ್ ಆಚೆ ಪಾದ ಉಳುಕಿದರೆ ವಾಪಸ್ ಬರೋದು ಹೇಗೆ? ಬಸ್ಸಿಲ್ಲ, ಆಟೊ ಇಲ್ಲ, ಕರೆದರೆ ಮನೆಯವರು ಹೊರಗೆ ಬರುವ ಸ್ಥಿತಿ ಇಲ್ಲ. ಮನೆಯಿಂದ ಒಂದು ಕಿಲೋಮೀಟರ್ ಒಳಗೇ ಸುತ್ತು ಹಾಕಿ. ಬೇಜಾರಾಗುತ್ತದೆ, ನಿಜ. ಕೆಲವು ದಿನ ಸಹಿಸಿಕೊಳ್ಳಬಹುದು ಅಲ್ವಾ?

ಮಂಗಳೂರು

ಹಿಂದಿನವರು ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. ನಿಷೇಧಾಜ್ಞೆ ಬೇರೆ, ಕರ್ಫ್ಯೂ ಬೇರೆ. ಮೊದಲು ಅದನ್ನು ವಿಚಾರಿಸಿಕೊಳ್ಳಿ. ಹಿಂದೆ 144 ಸೆಕ್ಷನ್ ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಸಾಮಾನ್ಯವಾಗಿ ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಗುಂಪು ಸೇರಬಾರದು ಅಂತ ಇರುತ್ತದೆ. ಆಗ ಒಬ್ಬರೇ ಓಡುವುದಕ್ಕೆ ಅಡ್ಡಿ ಇಲ್ಲ, ಭಾನುವಾರದ ಗ್ರೂಪ್ ಓಟಕ್ಕೆ ಇದೆ. ಕರ್ಫ್ಯೂ ಅಂದರೆ ಮನೆಯಿಂದ ಹೊರಗೇ ಬರುವಂತಿಲ್ಲ. ಆದೇಶದ ಒಕ್ಕಣೆ ಪ್ರತಿ ಸಲ ಒಂದೇ ಥರ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಸಾರಾಂಶ ನಂಬಬೇಡಿ, ಆದೇಶದ ಪ್ರತಿಯನ್ನೇ ಓದಿ.

2019ರ ಡಿಸೆಂಬರ್ 19ರಂದು ಇಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆ ಹೊತ್ತಿಗೆ ಪೊಲೀಸರ ಗುಂಡಿಗೆ ಇಬ್ಬರು ತೀರಿಕೊಂಡರು. ಕರ್ಫ್ಯೂ ಬಂತು. ಜಿಲ್ಲೆಯಲ್ಲಿ ಮೊಬೈಲ್ ಇಂಟರ್‌ನೆಟ್ 48 ಗಂಟೆ ನಿಲ್ಲಿಸಿದರು. ಕರ್ಫ್ಯೂ ಸಡಿಲಿಸಿದ ಗಂಟೆಗಳಲ್ಲಿ ಓಡಬಹುದಿತ್ತು. ನಾನು ಓಡಲಿಲ್ಲ. ಆ ಹೊತ್ತು ಹಾಲು, ತರಕಾರಿ, ಔಷಧಿಗೆ. ಪಕ್ಕದ ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಮಾತ್ರೆಗೂ ಅದೇ ಹೊತ್ತು. ಓಟ ಅದರ ನಂತರ.

ನೆಟ್ ಇಲ್ಲದಿದ್ದರೂ ಜಿಪಿಎಸ್ ವಾಚ್ ಕೆಲಸ ಮಾಡುತ್ತದೆ, ಅದು ಉಪಗ್ರಹದಿಂದ ಲೆಕ್ಕ ಹಿಡಿಯುತ್ತದೆ. ಆದರೆ ನೀವು ಎಲ್ಲಿದ್ದೀರಿ ಅಂತ ಮನೆಯವರಿಗೆ ಲೈವ್ ಲೊಕೇಶನ್ ಹೋಗುವುದಿಲ್ಲ. ಯಾವ ರಸ್ತೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಚೀಟಿಯಲ್ಲಿ ಬರೆದಿಟ್ಟು ಹೋಗಿ. ಅಮ್ಮನ ಅರ್ಧ ಆತಂಕ ಅದರಿಂದಲೇ ಇಳಿಯುತ್ತದೆ. ಮತ್ತೆ, ಹೆಣ್ಣುಮಕ್ಕಳು ಬೆಳಗಿನ ಕತ್ತಲಲ್ಲಿ ಹೊರಡುವುದನ್ನು ಇಂಥ ದಿನಗಳಲ್ಲಿ ಬಿಟ್ಟುಬಿಡಿ. ಬೀದಿಯಲ್ಲಿ ನಾಲ್ಕು ಜನ ಪರಿಚಿತರು ಓಡಾಡುವ ಹೊತ್ತೇ ಒಳ್ಳೆಯದು. ಸೆಕೆಯಾದರೆ ಆಗಲಿ.

ದಾವಣಗೆರೆ

ನನ್ನ ಅಭಿಪ್ರಾಯ ಬೇರೆ. ಮುಂದೂಡಿ. ಮೊದಲ ಹಾಫ್ ಅನ್ನೋದು ಖುಷಿಯಿಂದ ತಯಾರಾಗಬೇಕಾದ ಓಟ. ಮನೆಯವರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರೆ ಆ ಖುಷಿ ಎಲ್ಲಿ ಬರಬೇಕು? ಆಯೋಜಕರಿಗೆ ಬರೆದು ಕೇಳಿ. ಎಷ್ಟೋ ಕಡೆ 21 ಕಿಲೋಮೀಟರ್ ಬದಲು 10ಕ್ಕೆ ಇಳಿಯಲು ಬಿಡುತ್ತಾರೆ, ಕೆಲವರು ಮುಂದಿನ ವರ್ಷಕ್ಕೆ ಹಾಕಿಕೊಡುತ್ತಾರೆ. ಓಟ ಪ್ರತಿ ವರ್ಷ ಬರುತ್ತದೆ. ನಿಮ್ಮ ಶಾಲೆಯ ಮಕ್ಕಳಿಗೆ ಈಗ ನೀವು ಬೇಕು.

ಮಿನಿಯಾಪೊಲಿಸ್

"ಮುಜುಗರ" ಅಂದಿರಲ್ಲ, ಅದರ ಬಗ್ಗೆ ನಾನು ಮಾತಾಡಬಹುದು ಅನ್ನಿಸುತ್ತದೆ. ಊರು ಹಾಸನ, ಕೆಲಸ ಇಲ್ಲಿ ಅಮೆರಿಕದಲ್ಲಿ. 2020ರ ಮೇ 25ರಂದು ಇಲ್ಲಿನ 38ನೇ ಬೀದಿ, ಚಿಕಾಗೊ ಅವೆನ್ಯೂ ಕೂಡುವಲ್ಲಿ ಜಾರ್ಜ್ ಫ್ಲಾಯ್ಡ್ ಅವರನ್ನು ಪೊಲೀಸ್ ಅಧಿಕಾರಿ ಕುತ್ತಿಗೆ ಮೇಲೆ ಮಂಡಿಯೂರಿ ಕೊಂದ. ನಮ್ಮೂರಿನ ಟ್ವಿನ್ ಸಿಟೀಸ್ ಮ್ಯಾರಥಾನ್ ಅಕ್ಟೋಬರ್ 4ಕ್ಕೆ ಇತ್ತು. 18 ವಾರ ಹಿಂದೆ ಎಣಿಸಿದರೆ ನನ್ನ ತರಬೇತಿ ಶುರುವಾಗಬೇಕಿದ್ದದ್ದು ಜೂನ್ 1ಕ್ಕೆ. ಅಂದರೆ ಆ ಸಾವಿನ ಮುಂದಿನ ಸೋಮವಾರ.

ಮೇ 29ರಿಂದ ರಾತ್ರಿ 8ರಿಂದ ಬೆಳಗ್ಗೆ 6ರವರೆಗೆ ಕರ್ಫ್ಯೂ ಹಾಕಿದರು. ಮೇ ಕೊನೆಯಲ್ಲಿ ಇಲ್ಲಿ ಐದೂವರೆಗೇ ಸೂರ್ಯ ಹುಟ್ಟುತ್ತಾನೆ. ಬೆಳಕಾದರೂ ಒಳಗೇ ಕಾಯಬೇಕು. ರಾತ್ರಿಯಿಡೀ ಹೆಲಿಕಾಪ್ಟರ್ ಸದ್ದು. ಲೇಕ್ ಸ್ಟ್ರೀಟ್ ಉದ್ದಕ್ಕೂ ಅಂಗಡಿಗಳು ಸುಟ್ಟಿದ್ದವು. ಬೆಳಗ್ಗೆ ನೂರಾರು ಜನ ಪೊರಕೆ, ಸಲಿಕೆ ಹಿಡಿದು ಅಲ್ಲಿಗೆ ಹೋಗಿ ಗಾಜು, ಬೂದಿ ಗುಡಿಸುತ್ತಿದ್ದರು. ನಾನೂ ಹೋದೆ. ಮೊದಲ ವಾರದ ವ್ಯಾಯಾಮ ಬಹುಪಾಲು ಅದೇ.

ನನಗೆ ಚಿಂತೆ ಇನ್ನೊಂದಿತ್ತು. ಅದೇ ವರ್ಷ ಫೆಬ್ರವರಿ 23ರಂದು ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್ ಹತ್ತಿರ ಅಹ್ಮಾದ್ ಆರ್ಬರಿ ಎಂಬ ಕಪ್ಪು ಯುವಕ ಜಾಗಿಂಗ್ ಮಾಡುತ್ತಿದ್ದಾಗ ಅಟ್ಟಿಸಿಕೊಂಡು ಹೋಗಿ ಗುಂಡಿಕ್ಕಿ ಕೊಂದಿದ್ದರು. ಮೇ ತಿಂಗಳಲ್ಲಿ ಅದರ ವಿಡಿಯೊ ಹೊರಬಂತು. ಅವನ ನೆನಪಿಗೆ ಸಾವಿರಾರು ಜನ, ಸತ್ತ ತಾರೀಕಿನ (2/23) ಗುರುತಾಗಿ, 2.23 ಮೈಲಿ ಓಡಿದರು. ಓಡುವ ಮೈ ಯಾರದ್ದು ಅನ್ನುವುದರ ಮೇಲೆ ನೋಡುವ ಕಣ್ಣು ಬದಲಾಗುತ್ತದೆ. ವಿಜಯನಗರದವರು ಹೇಳಿದ ಮಾತು ಇಲ್ಲಿಯೂ ನಿಜ, ಇಲ್ಲಿ ಅದಕ್ಕೆ ಚರ್ಮದ ಬಣ್ಣವೂ ಸೇರುತ್ತದೆ. ನಾನು ಪರಿಚಯದ ಕೆರೆಯ ಸುತ್ತಲಿನ ದಾರಿ ಬಿಟ್ಟು ಎಲ್ಲೂ ಹೋಗಲಿಲ್ಲ. ಹ್ಯಾರಿಯೆಟ್ ಕೆರೆ, ಸುಮಾರು ಮೂರು ಮೈಲಿ ಸುತ್ತು.

ಕೊನೆಗೆ ಕೋವಿಡ್‌ನಿಂದ ಆ ವರ್ಷದ ಮ್ಯಾರಥಾನೇ ರದ್ದಾಯಿತು. ಆದರೂ ಶುರು ಮಾಡಿದ್ದಕ್ಕೆ ನನಗೆ ಸಮಾಧಾನವಿದೆ. ಎರಡು ಹೊತ್ತು ಸುದ್ದಿ ನೋಡಿ ನಿದ್ದೆ ಕೆಡಿಸಿಕೊಂಡವನಿಗೆ ಆ ಅರ್ಧ ಗಂಟೆ ಬೇಕಿತ್ತು. ಓಡಿದ ಮೇಲೆ ನೆರೆಯವರ ಕಷ್ಟಕ್ಕೆ ಹೋಗಲು ಮೈಯಲ್ಲಿ ಕಸುವೂ ಇರುತ್ತಿತ್ತು. ಅಮ್ಮನಿಗೆ ಇದನ್ನೇ ಹೇಳಿ. ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತೇನಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಆದೇಶ ಓದಿದೆ. ಐದು ಜನ ಸೇರಬಾರದು ಅಂತಷ್ಟೇ ಇದೆ, ಕರ್ಫ್ಯೂ ಇಲ್ಲ. ದಾವಣಗೆರೆಯವರ ಮಾತೂ ಮನಸ್ಸಿಗೆ ತಾಗಿತು. ಶುರು ಮಾಡಿ ನೋಡುತ್ತೇನೆ, ಆದರೆ ಮೊದಲ ವಾರಗಳಲ್ಲಿ ಏನು ಮಾಡಲಿ? ನಮ್ಮ ಬೀದಿ ಚಿಕ್ಕದು. ಮನೆ ಮೇಲೆ ತಾರಸಿ ಇದೆ.

ಮೈಸೂರು, ಓಟ ಕಲಿಸುವವರು

ನಿಮ್ಮ 12 ವಾರವನ್ನು ಎರಡು ಭಾಗ ಮಾಡಿ. ಮೊದಲ ನಾಲ್ಕು ವಾರ ಕಿಲೋಮೀಟರ್ ಲೆಕ್ಕ ಬೇಡ, ನಿಮಿಷದ ಲೆಕ್ಕ ಸಾಕು. ವಾರಕ್ಕೆ ನಾಲ್ಕು ದಿನ, ಮಾತಾಡುತ್ತಾ ಓಡಬಲ್ಲಷ್ಟು ನಿಧಾನವಾಗಿ, ಅರ್ಧ ಗಂಟೆಯಿಂದ 40 ನಿಮಿಷ. ಇಂಟರ್ವಲ್ (ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಜೋರಾಗಿ ಓಡುವುದು), ಟೆಂಪೊ (ಒಂದೇ ಸಮ ವೇಗದ ಓಟ) ಯಾವುದೂ ಬೇಡ. ನಿದ್ದೆ ಇಲ್ಲ, ಆತಂಕ ಇದೆ ಅಂದಾಗ ಮೈ ಈಗಾಗಲೇ ಒಂದು ಹೊರೆ ಹೊತ್ತಿರುತ್ತದೆ. ಬೆಳಗ್ಗೆ ಎದ್ದಾಗ ನಾಡಿ ದಿನಕ್ಕಿಂತ ಜೋರಾಗಿದ್ದರೆ ಆವತ್ತು ಸುಮ್ನೆ ನಡೆಯಿರಿ.

ತಾರಸಿಯಲ್ಲಿ ಓಡಬಹುದು, 20 ನಿಮಿಷಕ್ಕಿಂತ ಜಾಸ್ತಿ ಬೇಡ. ಚಿಕ್ಕ ಜಾಗದಲ್ಲಿ ಪದೇ ಪದೇ ತಿರುಗುವುದರಿಂದ ಒಂದೇ ಕಡೆಯ ಪಾದದ ಕೀಲು, ಮಂಡಿಗೆ ಭಾರ ಬೀಳುತ್ತದೆ. ಐದು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿ. ಮುಂಜಾನೆ ಇಬ್ಬನಿಗೆ ಜಾರುತ್ತದೆ, ಅದೂ ಗಮನವಿರಲಿ. ಉಳಿದ ಹೊತ್ತಿಗೆ ಬಸ್ಕಿ, ಒಂಟಿ ಕಾಲಿನ ಬಸ್ಕಿ, ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿಳಿಸುವುದು. ಮನೆಯಲ್ಲಿ ಮೆಟ್ಟಿಲಿದ್ದರೆ ಚುರುಕಾಗಿ ಹತ್ತಿ, ನಿಧಾನವಾಗಿ ಇಳಿಯಿರಿ. ಹಾಫ್ ಮ್ಯಾರಥಾನ್‌ನ ಕೊನೆಯ ಐದು ಕಿಲೋಮೀಟರ್‌ನಲ್ಲಿ ಈ ಬಲವೇ ಕೈಹಿಡಿಯುವುದು.

ಒಂದು ವಾರ ಪೂರ್ತಿ ತಪ್ಪಿದರೆ ಗಾಬರಿ ಬೇಡ, ಅಷ್ಟರಲ್ಲಿ ದಮ್ಮು ಕರಗುವುದಿಲ್ಲ. ಎರಡು ವಾರ ದಾಟಿದರೆ ಇಳಿಯಲು ಶುರುವಾಗುತ್ತದೆ. ಆಗ ತಪ್ಪಿದ್ದನ್ನೆಲ್ಲ ಒಟ್ಟಿಗೆ ತುಂಬಿಸಲು ಹೋಗಬೇಡಿ. ಯೋಜನೆಯಲ್ಲಿ ಎರಡು ವಾರ ಹಿಂದಕ್ಕೆ ಹೋಗಿ ಅಲ್ಲಿಂದ ಹಿಡಿಯಿರಿ.

ಅಶ್ರುವಾಯು ಬಿಟ್ಟ ರಸ್ತೆಯಲ್ಲಿ ಮರುದಿನವೂ ಓಡಬೇಡಿ. ಅದು ಪುಡಿಯಾಗಿ ನೆಲದ ಮೇಲೆ ಕೂತಿರುತ್ತದೆ, ಹೆಜ್ಜೆ ಬಿದ್ದರೆ ಮತ್ತೆ ಏಳುತ್ತದೆ. ಕಣ್ಣು ಉರಿದರೆ ಉಜ್ಜಬೇಡಿ, ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಬಟ್ಟೆ ಬದಲಿಸಿ. ಟೈರ್ ಸುಟ್ಟ ಹೊಗೆ ಇದ್ದ ದಿನ ಮನೆಯೊಳಗಿನ ಬಸ್ಕಿಯೇ ಸಾಕು.

ಐದನೇ ವಾರದ ಹೊತ್ತಿಗೆ ಕ್ರೀಡಾಂಗಣ ತೆರೆದಿದ್ದರೆ ಉದ್ದದ ಓಟ ಶುರು ಮಾಡಿ. ಎಂಟು ಕಿಲೋಮೀಟರ್‌ನಿಂದ ಹಿಡಿದು ವಾರ ವಾರ ಸ್ವಲ್ಪ ಸ್ವಲ್ಪ ಏರಿಸುತ್ತಾ 16 ಮುಟ್ಟಿದರೆ ಮೊದಲ ಹಾಫ್‌ಗೆ ಸಾಕು. ತೆರೆಯದೇ ಇದ್ದರೆ ದಾವಣಗೆರೆಯವರು ಹೇಳಿದ ಹಾಗೆ 10 ಕಿಲೋಮೀಟರ್‌ಗೆ ಇಳಿಯಿರಿ. ಅದನ್ನು ಇವತ್ತೇ ತೀರ್ಮಾನಿಸಬೇಕಾಗಿಲ್ಲ. ಓಟದ ದೂರ ಬದಲಿಸಲು ಆಯೋಜಕರ ಕೊನೆಯ ದಿನ ಯಾವಾಗ ಅಂತ ಮಾತ್ರ ಇವತ್ತೇ ಕೇಳಿಟ್ಟುಕೊಳ್ಳಿ.